ಬೀಟ್ ಕಟ್ಟಿದವರ ಹೆಸರು ಹಾಡಿನ ಜೊತೆಗೇ ಕಾಣಿಸಲಿ

ಗೆ,
ಸಂಗೀತ ಸ್ಟ್ರೀಮಿಂಗ್ ಸೇವೆಗಳ ಮುಖ್ಯಸ್ಥರು ಹಾಗೂ
ಆ ಸೇವೆಗಳಿಗೆ ಹಾಡು ಒದಗಿಸುವ ರೆಕಾರ್ಡ್ ಕಂಪನಿಗಳ ಅಧಿಕಾರಿಗಳು

ವಿಷಯ: ಹಿಪ್‌ಹಾಪ್ ಹಾಡುಗಳಲ್ಲಿ ಬೀಟ್ ಕಟ್ಟಿದವರ ಮತ್ತು ಮೂಲ ವಾದಕರ ಹೆಸರುಗಳು ಮರೆಯಾಗಿರುವ ಕುರಿತು.

ಮಾನ್ಯರೇ,

ನಾನು ಇಪ್ಪತ್ತೈದು ವರ್ಷಗಳಿಂದ ಹಿಪ್‌ಹಾಪ್ ಕೇಳುತ್ತ ಬಂದವನು. ರ‍್ಯಾಪ್ ಮಾಡುವವನಲ್ಲ, ಬೀಟ್ ಕಟ್ಟುವವನಲ್ಲ, ಈ ಉದ್ಯಮದಲ್ಲಿ ನನಗೆ ಯಾವ ಪಾಲೂ ಇಲ್ಲ. ತಿಂಗಳು ತಿಂಗಳು ತಪ್ಪದೆ ಚಂದಾ ಕಟ್ಟಿ ತಮ್ಮ ಸೇವೆಗಳಲ್ಲಿ ಹಾಡು ಕೇಳುವವರಲ್ಲಿ ನಾನೂ ಒಬ್ಬ, ಅಷ್ಟೆ. ಒಂದು ಅನ್ಯಾಯವನ್ನು ಬಹಳ ದಿನಗಳಿಂದ ನೋಡುತ್ತಿದ್ದೇನೆ. ಅದರ ಬಗ್ಗೆ ಕಳಿಸಿದ ಮನವಿಗಳಿಗೆ ಯಂತ್ರ ಬರೆದ ಸ್ವೀಕೃತಿಯ ಹೊರತು ಬೇರೆ ಉತ್ತರ ಬಾರದ ಕಾರಣ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಹಿಪ್‌ಹಾಪ್ ಹಾಡಿಗೆ ಇಬ್ಬರು ಕರ್ತೃಗಳಿದ್ದಾರೆ: ಮಾತು ಬರೆದು ನುಡಿಯುವವರು ಒಬ್ಬರು, ಆ ಮಾತು ನಿಲ್ಲುವ ನೆಲವನ್ನು, ಅಂದರೆ ಬೀಟ್ ಎಂಬ ತಾಳ ಮತ್ತು ಸಂಗೀತವನ್ನು, ಹದ ಮಾಡುವವರು ಇನ್ನೊಬ್ಬರು. ತಮ್ಮ ಪರದೆಯ ಮೇಲೆ ಮೊದಲನೆಯವರ ಹೆಸರು ಎದ್ದು ಕಾಣುತ್ತದೆ. ಎರಡನೆಯವರ ಹೆಸರು ಮೂರು ಚುಕ್ಕಿ ಒತ್ತಿ, ಪಟ್ಟಿಯನ್ನು ಕೆಳಗೆ ಸರಿಸಿ, ಮತ್ತೊಂದು ಕಡೆ ಒತ್ತಿದ ಮೇಲೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

2001ರಲ್ಲಿ ನಾನು ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬ ಬೆಂಗಳೂರಿನಿಂದ ಅಮೆರಿಕದ ರ‍್ಯಾಪರ್ ಡಾ. ಡ್ರೆ ಅವರ ಆಲ್ಬಮ್ಮೊಂದರ ಕ್ಯಾಸೆಟ್ ತಂದಿದ್ದ. 1999ರಲ್ಲಿ ಹೊರಬಂದಿದ್ದರೂ ಅದರ ಹೆಸರು '2001'. ಒಳಗಿನ ಹಾಳೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅಕ್ಷರಗಳು ಸಾಸಿವೆ ಕಾಳಿಗಿಂತ ಚಿಕ್ಕವು. ಟ್ಯೂಬ್‌ಲೈಟಿನ ನೇರ ಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಓದಬೇಕಿತ್ತು. ಹಾಡಿನ ಮಾತು ಅರ್ಧಕ್ಕರ್ಧ ಅರ್ಥವಾಗದ ನಮಗೆ ಅಂಥ ಹಾಳೆಗಳೇ ಪಠ್ಯಪುಸ್ತಕ. 'ಸ್ಟಿಲ್ ಡಿ.ಆರ್.ಇ.' ಹಾಡಿನ ಮೊದಲಿನಿಂದ ಕೊನೆಯವರೆಗೆ ಬಿಡದೆ ಬಡಿಯುವ ಆ ಕೀಬೋರ್ಡಿನ ತುಣುಕನ್ನು ನುಡಿಸಿದವರು ಡ್ರೆ ಅಲ್ಲ, ಸ್ಕಾಟ್ ಸ್ಟಾರ್ಚ್ ಎಂದು ತಿಳಿದಾಗ ನಮಗೆ ಆದ ಬೆರಗು ಇನ್ನೂ ನೆನಪಿದೆ. ಮೆಲ್‌-ಮ್ಯಾನ್ ಎಂಬ ಹೆಸರನ್ನು ಮೊದಲು ಕಂಡದ್ದೂ ಹಾಗೆಯೇ. ಒಂದು ಹಾಳೆಯಲ್ಲಿ ಕಂಡ ಹೆಸರನ್ನು ಹಿಡಿದು ಇನ್ನೊಂದು ಆಲ್ಬಮ್ಮಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಿದ್ದೆವು. ಈಗ ಅದೇ ಹಾಡನ್ನು ಫೋನಿನಲ್ಲಿ ತೆರೆದರೆ ಡ್ರೆ ಮತ್ತು ಸ್ನೂಪ್ ಡಾಗ್ ಇಬ್ಬರ ಹೆಸರಷ್ಟೇ ಕಣ್ಣಿಗೆ ಬೀಳುತ್ತದೆ. ಇಡೀ ಜಗತ್ತಿನ ಸಂಗೀತವನ್ನು ಅಂಗೈಗೆ ತಂದುಕೊಟ್ಟ ತಾವು ಒಂದು ಕ್ಯಾಸೆಟ್ ಹಾಳೆ ಕೊಡುತ್ತಿದ್ದಷ್ಟು ಮಾಹಿತಿಯನ್ನೂ ಕೊಡದಿರುವುದಕ್ಕೆ ಕಾರಣವೇನು ಎಂಬುದು ನನ್ನ ಮೊದಲ ಪ್ರಶ್ನೆ.

ಕನ್ನಡದ ಕೇಳುಗರಿಗೆ ಈ ಕೊರತೆ ಇನ್ನೂ ಹೆಚ್ಚು ಚುಚ್ಚುತ್ತದೆ. ಆಕಾಶವಾಣಿಯಲ್ಲಿ ಚಿತ್ರಗೀತೆ ಕೇಳಿ ಬೆಳೆದ ನಮಗೆ ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂಬುದೆಲ್ಲ ಹಾಡಿನ ಭಾಗವಾಗಿಯೇ ಕಿವಿಗೆ ಬೀಳುತ್ತಿತ್ತು. ಚಿ. ಉದಯಶಂಕರ್ ಅವರ ಸಾಹಿತ್ಯ, ರಾಜನ್‌–ನಾಗೇಂದ್ರ ಅವರ ಸಂಗೀತ ಎಂಬ ಮಾತು ಓದು ಬಾರದ ನನ್ನ ಅಜ್ಜಿಗೂ ಬಾಯಿಪಾಠವಾಗಿತ್ತು. ಹಾಡಿದವರ ಹೆಸರೊಂದನ್ನೇ ಹೇಳಿ ಮುಂದಿನ ಹಾಡಿಗೆ ಹೋಗಿದ್ದರೆ ಅಜ್ಜಿಯೇ ರೇಡಿಯೋದ ಮೇಲೆ ಸಿಡುಕುತ್ತಿದ್ದರು. ಹಿಪ್‌ಹಾಪ್‌ನಲ್ಲಿ 'ಪ್ರೊಡ್ಯೂಸರ್' ಎಂದರೆ ಹೆಚ್ಚುಕಡಿಮೆ ನಮ್ಮ ಸಂಗೀತ ನಿರ್ದೇಶಕರ ಸ್ಥಾನದವರು. ನಮ್ಮ ಪತ್ರಿಕೆಗಳಲ್ಲಿ ಆ ಪದ 'ನಿರ್ಮಾಪಕ' ಎಂದಾಗಿಬಿಟ್ಟರೆ ದುಡ್ಡು ಹಾಕಿದವರು ಎಂಬ ಅರ್ಥ ಬಂದು, ಅವರ ಕೆಲಸ ಏನೆಂಬುದೇ ಓದುಗರಿಗೆ ತಿಳಿಯದೆ ಹೋಗುತ್ತದೆ. ಆದ್ದರಿಂದ ಈ ಪತ್ರದಲ್ಲಿ ನಾನು 'ಬೀಟ್ ಕಟ್ಟುವವರು' ಎಂದೇ ಬರೆಯುತ್ತಿದ್ದೇನೆ. ಹಾಡು ಕಟ್ಟುವುದು, ಪದ ಕಟ್ಟುವುದು ಎಂದು ಹೇಳುವ ನಮಗೆ ಆ ಮಾತು ಸಹಜವೂ ಹೌದು.

ಈ ಸಂಗೀತ ಹುಟ್ಟಿದ್ದೇ ರೆಕಾರ್ಡ್ ತಿರುಗಿಸುವವರ ಕೈಯಲ್ಲಿ ಎಂಬುದನ್ನು ತಮಗೆ ನೆನಪಿಸಬೇಕಾಗಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದಲ್ಲಿ, ತಂಗಿ ಏರ್ಪಡಿಸಿದ್ದ ಪಾರ್ಟಿಗೆ ಕೂಲ್ ಹರ್ಕ್ ರೆಕಾರ್ಡ್ ಹಾಕಿದರು. ಹಾಡಿನ ನಡುವೆ ಉಳಿದ ವಾದ್ಯಗಳು ಸುಮ್ಮನಾಗಿ ಡ್ರಮ್ ಒಂದೇ ಉಳಿಯುವ 'ಬ್ರೇಕ್' ಬಂದಾಗ ಜನ ಹುಚ್ಚೆದ್ದು ಕುಣಿಯುವುದನ್ನು ಗಮನಿಸಿದ ಅವರು, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಕೆಲವೇ ಸೆಕೆಂಡುಗಳ ಆ ಭಾಗವನ್ನು ನಿಮಿಷಗಟ್ಟಲೆ ಎಳೆಯುವ ದಾರಿ ಕಂಡುಕೊಂಡರು. ಮೈಕ್ ಹಿಡಿದವರು ಆಗ ಕುಣಿಯುವವರನ್ನು ಹುರಿದುಂಬಿಸಲು ನಿಂತವರು. ಹಾಗಾಗಿಯೇ ಹಳೆಯ ತಂಡಗಳ ಹೆಸರುಗಳಲ್ಲಿ ಸಂಗೀತದವರು ಮೊದಲು, ಮಾತಿನವರು ಆಮೇಲೆ: ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದ ಫ್ಯೂರಿಯಸ್ ಫೈವ್, ಎರಿಕ್ ಬಿ. ಅಂಡ್ ರಕೀಮ್, ಡಿಜೆ ಜಾಝಿ ಜೆಫ್ ಅಂಡ್ ದ ಫ್ರೆಶ್ ಪ್ರಿನ್ಸ್, ಪೀಟ್ ರಾಕ್ ಅಂಡ್ ಸಿ.ಎಲ್. ಸ್ಮೂತ್. ಆ ಮೊದಲ ಸ್ಥಾನವನ್ನು ಮರಳಿ ಕೊಡಿ ಎಂದು ನಾನು ಕೇಳುತ್ತಿಲ್ಲ. ರ‍್ಯಾಪರ್‌ಗಳ ಕಲೆ ಬೆಳೆದ ಎತ್ತರಕ್ಕೆ ಅವರ ಹೆಸರು ಮುಂದೆ ಬಂದದ್ದು ನ್ಯಾಯವೇ. ಆದರೆ ಎರಡನೆಯ ಸ್ಥಾನವೂ ಇಲ್ಲದಂತಾದದ್ದು ನ್ಯಾಯವಲ್ಲ.

ಹೆಸರಿನ ವಿಷಯದಲ್ಲಿ ಈ ಉದ್ಯಮದ ದಾಖಲೆ ಆರಂಭದಿಂದಲೂ ಚೆನ್ನಾಗಿಲ್ಲ. 1979ರಲ್ಲಿ ಬಂದ 'ರ‍್ಯಾಪರ್ಸ್ ಡಿಲೈಟ್' ಹಿಪ್‌ಹಾಪನ್ನು ಊರೂರಿಗೆ ಮುಟ್ಟಿಸಿದ ಹಾಡು. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ನುಡಿದ ಸಾಲುಗಳು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಬರೆದವು. ಕ್ಯಾಝ್ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿಕೊಂಡಿದ್ದ ಸಾಲನ್ನು ಕೂಡ ಹ್ಯಾಂಕ್ ಬದಲಿಸದೆ ಹಾಗೆಯೇ ಹಾಡಿದ್ದಾರೆ. ಮೂಲ ಕವಿಯ ಹೆಸರು ಹಾಡಿನೊಳಗೇ ಕೂಗಿ ಹೇಳುತ್ತಿದ್ದರೂ ರೆಕಾರ್ಡಿನ ಮೇಲೆ ಅದು ಬರಲಿಲ್ಲ, ಅವರಿಗೆ ಹಣವೂ ಬರಲಿಲ್ಲ. 1982ರ 'ದ ಮೆಸೇಜ್' ಇದರ ಇನ್ನೊಂದು ಮಗ್ಗುಲು. ಬಡತನದ ಬೀದಿಯನ್ನು ಹಿಪ್‌ಹಾಪ್‌ನೊಳಗೆ ಅಷ್ಟು ಗಟ್ಟಿಯಾಗಿ ತಂದ ಆ ಹಾಡು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ತಂಡದ ಹೆಸರಿನಲ್ಲಿ ಬಂತು. ಅದರಲ್ಲಿ ಮುಖ್ಯವಾಗಿ ದುಡಿದವರು ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿ. ಫ್ಲ್ಯಾಶ್ ಅವರ ಕೈಚಳಕ ಆ ಹಾಡಿನಲ್ಲಿ ಇಲ್ಲವೇ ಇಲ್ಲ. ಒಬ್ಬರ ಹೆಸರು ಇರಬೇಕಾದಲ್ಲಿ ಇಲ್ಲ, ಇನ್ನೊಬ್ಬರ ಹೆಸರು ಬೇಡದಲ್ಲಿ ಇದೆ. ಆ ಕಾಲದ ಸಣ್ಣ ಕಂಪನಿಗಳು ಮಾಡಿದ್ದನ್ನು ಅಷ್ಟೊಂದು ದತ್ತಾಂಶ, ಅಷ್ಟೊಂದು ಸಿಬ್ಬಂದಿ ಇಟ್ಟುಕೊಂಡ ತಾವೂ ಮುಂದುವರಿಸಬೇಕೆ?

ಬೀಟ್ ಕಟ್ಟುವುದು ಗುಂಡಿ ಒತ್ತುವ ಕೆಲಸ ಎಂದು ತಿಳಿದವರಿಗಾಗಿ ಒಂದು ಯಂತ್ರದ ಬಗ್ಗೆ ಹೇಳುತ್ತೇನೆ. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಸ್ಯಾಂಪ್ಲರ್‌ನಲ್ಲಿ, ಅಂದರೆ ಸದ್ದಿನ ತುಣುಕು ಹಿಡಿದಿಟ್ಟು ನುಡಿಸುವ ಯಂತ್ರದಲ್ಲಿ, ಒಟ್ಟು ಹಿಡಿಯುತ್ತಿದ್ದದ್ದು ಸುಮಾರು 10 ಸೆಕೆಂಡಿನಷ್ಟು ಸದ್ದು. ಇಡೀ ಹಾಡಿನ ಡ್ರಮ್, ಬೇಸ್, ಪಿಯಾನೋ, ತುತ್ತೂರಿ ಎಲ್ಲವೂ ಆ ಹತ್ತು ಸೆಕೆಂಡಿನೊಳಗೆ ಹಿಡಿಯಬೇಕು. ಆದ್ದರಿಂದ ಬೀಟ್ ಕಟ್ಟುವವರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ, ಚೀರಲುದನಿಯಾದ ಸದ್ದನ್ನು ಯಂತ್ರಕ್ಕೆ ತುಂಬಿ, ಒಳಗೆ ಹೋದ ಮೇಲೆ ಅದನ್ನು ಮತ್ತೆ ತಗ್ಗಿಸುತ್ತಿದ್ದರು. ಹಾಗೆ ತಗ್ಗಿಸಿದಾಗ ಸದ್ದಿಗೆ ಮರಳು ಸವರಿದಂಥ ಒಂದು ಒರಟುತನ ಬರುತ್ತಿತ್ತು. ಜಾಗ ಸಾಲದ್ದರಿಂದ ಹುಟ್ಟಿದ ಆ ಒರಟುತನವನ್ನೇ ಇಂದಿಗೂ ಹೊಸಬರು ಸಾವಿರಾರು ರೂಪಾಯಿ ಕೊಟ್ಟು ಸಾಫ್ಟ್‌ವೇರ್ ರೂಪದಲ್ಲಿ ಕೊಳ್ಳುತ್ತಾರೆ. ಹಳೆಯ ರೆಕಾರ್ಡಿನಿಂದ ಡ್ರಮ್ಮಿನ ಒಂದೊಂದೇ ಪೆಟ್ಟನ್ನು ಕಿತ್ತು ತನ್ನದೇ ತಾಳವಾಗಿ ಮರುಜೋಡಿಸಬಹುದು ಎಂದು 1980ರ ದಶಕದಲ್ಲಿ ತೋರಿಸಿಕೊಟ್ಟ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್‌ನ ಮಾರ್ಲಿ ಮಾರ್ಲ್ ಇಲ್ಲದಿದ್ದರೆ ಮುಂದಿನ ಇಡೀ ದಶಕ ಬೇರೆಯೇ ಆಗಿರುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಅವರ ಹೆಸರನ್ನು ಇಂದಿನ ಎಷ್ಟು ಕೇಳುಗರು ಬಲ್ಲರು?

ರ‍್ಯಾಪರ್ ನಾಸ್ ಅವರ 'ಇಲ್‌ಮ್ಯಾಟಿಕ್' ಆಲ್ಬಮ್ 1994ರ ಏಪ್ರಿಲ್ 19ರಂದು ಹೊರಬಂತು. ಇಪ್ಪತ್ತರ ಹುಡುಗನೊಬ್ಬ ಬರೆದ ಆ ಸಾಲುಗಳನ್ನು ನಾನು ಯಾರ ಸಾಲುಗಳಿಗಿಂತಲೂ ಕಡಿಮೆ ಎನ್ನಲಾರೆ. ಆದರೆ ಅದು ನಾಸ್ ಒಬ್ಬರ ಆಲ್ಬಮ್ ಅಲ್ಲ. ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್, ಎಲ್.ಇ.ಎಸ್. ಕಟ್ಟಿದ ಬೀಟ್‌ಗಳನ್ನು ತೆಗೆದುಬಿಟ್ಟರೆ ಉಳಿಯುವುದು ಒಳ್ಳೆಯ ಕವನ ಸಂಕಲನ. 'ಎನ್.ವೈ. ಸ್ಟೇಟ್ ಆಫ್ ಮೈಂಡ್'ನಲ್ಲಿ ಪ್ರೀಮಿಯರ್ ಪಿಯಾನೋದ ಒಂದು ಕತ್ತಲ ತುಣುಕನ್ನು ಸುತ್ತಿ ಸುತ್ತಿ ನುಡಿಸುತ್ತಾರೆ. ಮೆಟ್ಟಿಲ ಮೂಲೆಯಲ್ಲಿ ಯಾರೋ ಕಾದು ನಿಂತಿದ್ದಾರೆ ಎಂಬ ಅಳುಕು ಬರುವುದು ನಾಸ್ ಅವರ ಮಾತಿಗಿಂತ ಮೊದಲು ಆ ಪಿಯಾನೋದಿಂದ. ಅದೇ ಆಲ್ಬಮ್ಮಿನ 'ದ ವರ್ಲ್ಡ್ ಈಸ್ ಯುವರ್ಸ್'ಗೆ ಪೀಟ್ ರಾಕ್ ಆರಿಸಿಕೊಂಡದ್ದು ಅಹ್ಮದ್ ಜಮಾಲ್ ಅವರ ಪಿಯಾನೋ. ಅಲ್ಲಿ ಅದೇ ಬೀದಿಯ ಮೇಲೆ ಬೆಳಗಾಗುತ್ತದೆ. ಒಬ್ಬನೇ ಕವಿ, ಒಂದೇ ಬೀದಿ. ಹೊತ್ತು ಬದಲಿಸಿದವರು ಬೀಟ್ ಕಟ್ಟಿದವರು. ಪ್ರೀಮಿಯರ್ ದೊಡ್ಡವರೋ ಪೀಟ್ ರಾಕ್ ದೊಡ್ಡವರೋ ಎಂಬ ವಾದವನ್ನು ನಾನು ಗೆಳೆಯರೊಂದಿಗೆ ಇಪ್ಪತ್ತು ವರ್ಷ ಮಾಡಿದ್ದೇನೆ, ನನ್ನ ಒಲವು ಪೀಟ್ ರಾಕ್ ಕಡೆಗೆ. ಆ ವಾದ ಹೂಡಲಿಕ್ಕೂ ಹೆಸರು ಗೊತ್ತಿರಬೇಕಲ್ಲವೆ?

ಕ್ವೀನ್ಸ್‌ನ ಪಾಲ್ ಸಿ. ಎಂಬ ಧ್ವನಿಮುದ್ರಣ ಎಂಜಿನಿಯರ್ 1989ರಲ್ಲಿ ಕೊಲೆಯಾದರು. ಲಾರ್ಜ್ ಪ್ರೊಫೆಸರ್‌ಗೆ ಕೆಲಸ ಕಲಿಸಿದವರು ಅವರು. ಎರಿಕ್ ಬಿ. ಅಂಡ್ ರಕೀಮ್ ಅವರ, 1990ರಲ್ಲಿ ಹೊರಬಂದ ಆಲ್ಬಮ್ಮಿಗೆ ಈ ಗುರು ಶಿಷ್ಯರಿಬ್ಬರೂ ದುಡಿದರು, ಆದರೆ ಬೀಟ್ ಕಟ್ಟಿದವರ ಜಾಗದಲ್ಲಿ ಅವರ ಹೆಸರು ಬರಲಿಲ್ಲ. ಕ್ಯಾಸೆಟ್ ಹಾಳೆಯೂ ಎಲ್ಲ ಕಾಲಕ್ಕೂ ಸತ್ಯ ಹೇಳಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಹಾಳೆ ತಪ್ಪಿದ್ದನ್ನು ತಿದ್ದುವ ಅನುಕೂಲ ತಮಗಿದೆ ಎಂಬ ಕಾರಣಕ್ಕೇ ಈ ಮಾತು.

ಡೆಟ್ರಾಯಿಟ್‌ನ ಜೆ ಡಿಲ್ಲಾ ಅವರ ಕಥೆಯೂ ಇದಕ್ಕೆ ಹತ್ತಿರದ್ದು. 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ತಂಡದ 1996ರ ಆಲ್ಬಮ್ಮಿನಲ್ಲಿ ಅವರ ಕೆಲಸ 'ದ ಉಮ್ಮಾ' ಎಂಬ ಸಾಮೂಹಿಕ ಹೆಸರಿನೊಳಗೆ ಸೇರಿಹೋಗಿತ್ತು. ಯಂತ್ರದ ತಾಳ ಗೆರೆ ಎಳೆದಂತೆ ನೇರವಾಗಿದ್ದ ಕಾಲದಲ್ಲಿ ಅವರು ಡ್ರಮ್ಮಿನ ಪೆಟ್ಟನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಇಟ್ಟರು. ಕೇಳುವಾಗ ತಾಳ ತಪ್ಪಿತು ಎನಿಸುತ್ತದೆ, ತಪ್ಪುವುದಿಲ್ಲ. ಇಂದು ಜಾಝ್ ಡ್ರಮ್ಮರ್‌ಗಳೂ ಕೂತು ಅಭ್ಯಾಸ ಮಾಡುವ ನಡೆ ಅದು. 2006ರ ಫೆಬ್ರವರಿ 7ರಂದು, ತಮ್ಮ 32ನೆಯ ಹುಟ್ಟುಹಬ್ಬದ ದಿನ, 'ಡೋನಟ್ಸ್' ಎಂಬ ಮಾತಿಲ್ಲದ ಆಲ್ಬಮ್ ಹೊರತಂದ ಅವರು ಮೂರೇ ದಿನಕ್ಕೆ ತೀರಿಕೊಂಡರು. ಅದರಲ್ಲಿನ 'ಡೋಂಟ್ ಕ್ರೈ' ಕೇಳಿ ನೋಡಿ: ಮೊದಲು ಹಳೆಯ ಹಾಡನ್ನು ಹೆಚ್ಚೇನೂ ಮುಟ್ಟದೆ ನಮಗೆ ಕೇಳಿಸುತ್ತಾರೆ, ಆಮೇಲೆ ಅದನ್ನೇ ಚೂರು ಚೂರು ಮಾಡಿ, ಅಳುವವರ ಬಿಕ್ಕಳಿಕೆಯಂತೆ ಜೋಡಿಸುತ್ತಾರೆ. ನನ್ನ ತಂದೆ ತೀರಿಕೊಂಡ ವರ್ಷ ನಾನು ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಡಿಲ್ಲಾ ಬೀಟ್ ಕಟ್ಟಲು ಬಳಸಿದ ಎಂಪಿಸಿ ಎಂಬ ಯಂತ್ರ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ. ವಸ್ತುಸಂಗ್ರಹಾಲಯ ಕೊಟ್ಟ ಗೌರವವನ್ನು ಹಾಡು ಮಾರುವವರು ಕೊಡದಿರುವುದು ಹೇಗೆ ಸರಿ?

ಬೀಟ್ ಕಟ್ಟಿದವರಿಗಿಂತಲೂ ಹಿಂದೆ ನಿಂತವರು ಮೂಲ ವಾದಕರು. 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಗಾಯಕ ಜೇಮ್ಸ್ ಬ್ರೌನ್ 'ಫಂಕಿ ಡ್ರಮ್ಮರ್' ಧ್ವನಿಮುದ್ರಿಸುವಾಗ, ಹಾಡು ಮುಗಿಯುತ್ತ ಬಂದಾಗ ಉಳಿದವರನ್ನು ಸುಮ್ಮನಿರಿಸಿ ಡ್ರಮ್ಮರ್ ಒಬ್ಬರಿಗೇ ಬಿಟ್ಟುಕೊಟ್ಟರು. ಕ್ಲೈಡ್ ಸ್ಟಬಲ್‌ಫೀಲ್ಡ್ ಆಗ ನುಡಿಸಿದ ಆ ಕೆಲವು ಸೆಕೆಂಡುಗಳ ತಾಳ ಪಬ್ಲಿಕ್ ಎನಿಮಿಯಿಂದ ಎಲ್.ಎಲ್. ಕೂಲ್ ಜೆವರೆಗೆ ಅಸಂಖ್ಯ ಹಾಡುಗಳ ಬೆನ್ನೆಲುಬಾಯಿತು. ಹಾಡಿನ ಕರ್ತೃ ಎಂದು ದಾಖಲಾದದ್ದು ಬ್ರೌನ್ ಹೆಸರು. ಸ್ಟಬಲ್‌ಫೀಲ್ಡ್ 2017ರಲ್ಲಿ ತೀರಿಕೊಂಡರು. ಅದೇ 1969ರಲ್ಲಿ 'ದ ವಿನ್‌ಸ್ಟನ್ಸ್' ತಂಡ ಒಂದು ರೆಕಾರ್ಡಿನ ಹಿಂಬದಿಗೆ ಹಾಕಿದ 'ಆಮೆನ್, ಬ್ರದರ್'ನಲ್ಲಿ ಜಿ.ಸಿ. ಕೋಲ್‌ಮನ್ ನುಡಿಸಿದ ನಾಲ್ಕು ಆವರ್ತದ ಬ್ರೇಕ್ ಏಳು ಸೆಕೆಂಡಿಗಿಂತ ಹೆಚ್ಚಿಲ್ಲ. ಎನ್.ಡಬ್ಲ್ಯು.ಎ. ತಂಡದ 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಹಾಡಿನಲ್ಲಿ ಓಡುವುದು ಆ ಏಳು ಸೆಕೆಂಡು. ಇಂಗ್ಲೆಂಡಿನಲ್ಲಿ ಜಂಗಲ್, ಡ್ರಮ್ ಅಂಡ್ ಬೇಸ್ ಎಂಬ ಪ್ರಕಾರಗಳೇ ಅದರ ಮೇಲೆ ಎದ್ದವು. ಕೋಲ್‌ಮನ್ 2006ರಲ್ಲಿ ಅಟ್ಲಾಂಟಾದಲ್ಲಿ ಕಡುಬಡತನದಲ್ಲಿ ಸತ್ತರು. ಕಾನೂನಿನ ಪ್ರಕಾರ ಅವರಿಗೆ ಎಷ್ಟು ಹಣ ಸೇರಬೇಕಿತ್ತು ಎಂಬ ಚರ್ಚೆಯನ್ನು ವಕೀಲರಿಗೆ ಬಿಡೋಣ. ಹೆಸರು ಹಾಕಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಸ್ಯಾಂಪಲ್ ಮಾಡುವವರ, ಅಂದರೆ ಹಳೆಯ ಹಾಡಿನ ತುಣುಕು ಎತ್ತಿ ಹೊಸ ಹಾಡು ಕಟ್ಟುವವರ, ಪರವಾಗಿ ಮಾತನಾಡುವ ನಾನು ಅವರ ತಪ್ಪನ್ನು ಮುಚ್ಚಿಡುವುದಿಲ್ಲ. 2002ರಲ್ಲಿ ಡಿಜೆ ಕ್ವಿಕ್ ಕಟ್ಟಿದ, ಟ್ರೂತ್ ಹರ್ಟ್ಸ್ ಹಾಡಿದ 'ಅಡಿಕ್ಟಿವ್' ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿತು. ಅದರ ಉದ್ದಕ್ಕೂ ಕೇಳುವುದು ಬಪ್ಪಿ ಲಾಹಿರಿ ಸಂಗೀತದ, 'ಜ್ಯೋತಿ' ಎಂಬ ಹಿಂದಿ ಚಿತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದ ಗೀತೆ. ಅನುಮತಿ ಪಡೆದಿರಲಿಲ್ಲ. ನಾನು ಆ ಹಾಡನ್ನು ಮೊದಲು ಕೇಳಿದಾಗ ಲತಾ ಅವರ ದನಿ ಗುರುತು ಹತ್ತಿ ರೋಮಾಂಚನವಾಗಿತ್ತು, ಹೆಸರಿಗಾಗಿ ಹುಡುಕಿ ಕಾಣದಾದಾಗ ಅಷ್ಟೇ ಸಿಟ್ಟೂ ಬಂದಿತ್ತು. ಲಾಸ್ ಏಂಜಲೀಸ್‌ನ ನ್ಯಾಯಾಲಯ 2003ರಲ್ಲಿ ಲಾಹಿರಿಯವರ ಹೆಸರು ಹಾಕದ ಹೊರತು ಆ ಸಿ.ಡಿ. ಮಾರುವಂತಿಲ್ಲ ಎಂದು ಆದೇಶಿಸಿತು. ಹೆಸರು ಕೊಡುವುದು ಸೌಜನ್ಯಕ್ಕೆ ಬಿಟ್ಟ ಮಾತಲ್ಲ, ಮಾರಾಟಕ್ಕೆ ಮೊದಲು ತೀರಿಸಬೇಕಾದ ಋಣ ಎಂದು ಅಮೆರಿಕದ ನ್ಯಾಯಾಲಯವೇ ಕಂಡಿದೆ. ಇನ್ನೊಂದು ಕಡೆ, ಪ್ರಿನ್ಸ್ ಪಾಲ್ ಮತ್ತು 'ಡಿ ಲಾ ಸೋಲ್' ತಂಡ ಸೇರಿ ಕಟ್ಟಿದ 1989ರ ಮೊದಲ ಆಲ್ಬಮ್ ಸ್ಯಾಂಪಲ್ ಹಕ್ಕುಗಳ ಸಿಕ್ಕು ಮತ್ತು ಕಂಪನಿಯೊಡನೆ ತಕರಾರಿನ ನಡುವೆ ಸಿಕ್ಕಿಬಿದ್ದು ತಮ್ಮ ಸೇವೆಗಳಿಗೆ ಬಂದದ್ದು 2023ರ ಮಾರ್ಚ್ 3ರಂದು. ತಂಡದ ಟ್ರುಗಾಯ್ ಸುಮಾರು ಮೂರು ವಾರ ಮುಂಚೆ, ಫೆಬ್ರವರಿ 12ರಂದು ತೀರಿಕೊಂಡಿದ್ದರು. ಆ ದಿನಕ್ಕಾಗಿ ವರ್ಷಗಟ್ಟಲೆ ಕಾದವರೊಬ್ಬರು ಅದನ್ನು ನೋಡಲಿಲ್ಲ. ದಾಖಲೆಗಳನ್ನು ಹೊತ್ತಿಗೆ ಸರಿಪಡಿಸಿ ಎಂದು ನಾನು ಒತ್ತಿ ಹೇಳುತ್ತಿರುವುದು ಇದಕ್ಕೇ. ಹಳೆಯ ತಲೆಮಾರಿನವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಹೊಸ ಕಾಲದವರು ಈ ಅನ್ಯಾಯಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ವಚನಕಾರರು, ಹರಿದಾಸರು ರಚನೆಯ ಕೊನೆಗೆ ಅಂಕಿತ ಇಟ್ಟಂತೆ ಇಂದಿನವರು ಹಾಡಿನ ಆರಂಭದಲ್ಲೇ ತಮ್ಮ ಹೆಸರನ್ನು ಯಾರದೋ ದನಿಯಲ್ಲಿ ಹೇಳಿಸುತ್ತಾರೆ. ಅದನ್ನು ಟ್ಯಾಗ್ ಎನ್ನುತ್ತಾರೆ. ಬೀಟ್ ಕಟ್ಟುವ ಮೆಟ್ರೋ ಬೂಮಿನ್ ಇಂದು ರ‍್ಯಾಪರ್‌ಗಳಷ್ಟೇ ಹೆಸರಾಗಿರುವುದರಲ್ಲಿ ಅವರ ಪ್ರತಿಭೆಯ ಜೊತೆಗೆ ಆ ಅಂಕಿತದ ಪಾಲೂ ಇದೆ. 2024ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಾಮಾರ್ 'ಟಿವಿ ಆಫ್' ಹಾಡಿನ ನಡುವೆ ಬೀಟ್ ಕಟ್ಟಿದ ಮಸ್ಟರ್ಡ್ ಅವರ ಹೆಸರನ್ನು ಗಂಟಲು ಹರಿಯುವಂತೆ ಕೂಗಿದರು. ಅದೊಂದು ಕೂಗಿನಿಂದ ಆ ಹೆಸರು ಮಕ್ಕಳ ಬಾಯಿಗೂ ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಬೆಳೆದ ಹಿಪ್‌ಹಾಪ್ ವಲಯದಿಂದ ಬಂದ ಹನುಮಾನ್‌ಕೈಂಡ್ 'ಬಿಗ್ ಡಾಗ್ಸ್' ಹೊರತಂದಾಗ ಬೀಟ್ ಕಟ್ಟಿದ ಕಲ್ಮಿ ಅವರ ಹೆಸರು ಹಾಡಿನ ಕಲಾವಿದರ ಸಾಲಿನಲ್ಲೇ ಜೊತೆಯಾಗಿ ಇತ್ತು. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ಏರಿತು, ಹೆಸರು ಹಂಚಿಕೊಂಡ ಮಾತ್ರಕ್ಕೆ ರ‍್ಯಾಪರ್‌ಗೆ ಏನೂ ಕಡಿಮೆಯಾಗಲಿಲ್ಲ. ಇದು ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆಸರು ಮುಚ್ಚಿಹೋಗುವುದು ಎರಡು ಪಟ್ಟು. ಮಿಸ್ಸಿ ಎಲಿಯಟ್ ಎಂದರೆ ಜನ ರ‍್ಯಾಪರ್ ಎನ್ನುತ್ತಾರೆ. ಬೀಟ್ ಕಟ್ಟುವ ಟಿಂಬಲ್ಯಾಂಡ್ ಜೊತೆ ಕೂತು ಹಾಡು ಕಟ್ಟಿದ, ಬೇರೆಯವರಿಗೂ ಕಟ್ಟಿಕೊಟ್ಟ ಮಿಸ್ಸಿಯನ್ನು ಮರೆಯುತ್ತಾರೆ. ಕೆನಡಾದ ವಂಡಾಗರ್ಲ್ ಹದಿನಾರನೇ ವಯಸ್ಸಿನಲ್ಲಿ ಜೇ-ಝಿ ಅವರ 2013ರ ಆಲ್ಬಮ್ಮಿಗೆ ಬೀಟ್ ಕಟ್ಟಿದರು. ಬೀಟ್ ಕಟ್ಟಬೇಕೆಂದು ಆಸೆಪಡುವ ನನ್ನ ಅಕ್ಕನ ಮಗಳಿಗೆ ಈ ಮಾತು ಹೇಳಿದಾಗ ಅವಳು ನಂಬಲಿಲ್ಲ. ಅವಳು ದಿನವೂ ನೋಡುವ ತಮ್ಮ ಪರದೆಯಲ್ಲಿ ಅಂಥ ಹೆಸರು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ನಮ್ಮಲ್ಲೂ ಇದೇ ನಡೆಯುತ್ತಿದೆ. ನನಗೆ ಪರಿಚಯದ ಹುಬ್ಬಳ್ಳಿಯ ಹುಡುಗನೊಬ್ಬ ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿದು, ರಾತ್ರಿ ಹಳೆಯ ಲ್ಯಾಪ್‌ಟಾಪಿನಲ್ಲಿ ಬೀಟ್ ಕಟ್ಟುತ್ತಾನೆ. ಅವನು ಜಗ್ಗಲಿಗೆಯ ಸದ್ದನ್ನು ಹೋಳಿಯ ಮೆರವಣಿಗೆಯಲ್ಲಿ ಫೋನಿನಲ್ಲೇ ಹಿಡಿದು ತಂದು ಕಟ್ಟಿದ ಒಂದು ಬೀಟಿನ ಮೇಲೆ ಕನ್ನಡ ರ‍್ಯಾಪ್ ಹಾಡೊಂದು ಬಂತು. ಕಳೆದ ಗಣೇಶನ ಹಬ್ಬದಲ್ಲಿ ಅವನ ಓಣಿಯ ಪೆಂಡಾಲಿನಲ್ಲೇ ಆ ಹಾಡು ಮೊಳಗಿತು. ಪಕ್ಕದಲ್ಲಿ ಕುಣಿಯುತ್ತಿದ್ದವರಿಗೆ ಇದು ನನ್ನದು ಎಂದ. ಅವರು ಫೋನು ತೆಗೆದು ನೋಡಿ, ಇದರಲ್ಲಿ ನಿನ್ನ ಹೆಸರೇ ಇಲ್ಲವಲ್ಲೋ ಎಂದು ನಕ್ಕರು. ಹಾಡು ಏರಿಸಿದವರು ಹೆಸರು ತುಂಬುವ ಜಾಗವನ್ನು ಖಾಲಿ ಬಿಟ್ಟಿದ್ದರು, ಖಾಲಿ ಬಿಟ್ಟರೂ ವ್ಯವಸ್ಥೆ ಒಪ್ಪಿಕೊಂಡಿತ್ತು. ಅವನು ಸೇವಾ ಸಂಸ್ಥೆಗೆ ದೂರು ಬರೆದಾಗ ಹಾಡು ಏರಿಸಿದವರನ್ನೇ ಸಂಪರ್ಕಿಸಿ ಎಂದು ಉತ್ತರ ಬಂತು. ಏರಿಸಿದವರು ಫೋನ್ ಎತ್ತುತ್ತಿಲ್ಲ.

ತಾವು ಕೊಡಬಹುದಾದ ಸಮಾಧಾನಗಳು ನನಗೆ ಗೊತ್ತಿವೆ. ಪರದೆ ಚಿಕ್ಕದು ಎನ್ನಬಹುದು. ಜಾಹೀರಾತಿಗೆ, ಕುಣಿಯುವ ಚಿತ್ರಕ್ಕೆ, ಹಾಡಿನ ಸಾಲುಗಳಿಗೆ ಅದೇ ಪರದೆಯಲ್ಲಿ ಜಾಗ ಸಿಕ್ಕಿದೆ. ಮಾಹಿತಿ ಕಳಿಸಬೇಕಾದವರು ರೆಕಾರ್ಡ್ ಕಂಪನಿಯವರು ಎಂದು ಸ್ಟ್ರೀಮಿಂಗ್‌ನವರು, ನಾವು ಕಳಿಸಿದ್ದೇವೆ ಅವರು ತೋರಿಸುವುದಿಲ್ಲ ಎಂದು ಕಂಪನಿಯವರು ಹೇಳಬಹುದು. ಅದಕ್ಕಾಗಿಯೇ ಪತ್ರವನ್ನು ಇಬ್ಬರಿಗೂ ಸೇರಿಸಿ ಬರೆದಿದ್ದೇನೆ. ಇಂದಿನ ಒಂದೊಂದು ಹಾಡಿಗೆ ಎಂಟು ಹತ್ತು ಜನ ಬೀಟ್ ಕಟ್ಟಿರುತ್ತಾರೆ, ಎಲ್ಲರ ಹೆಸರು ಹೇಗೆ ಹಾಕುವುದು ಎಂಬ ಪ್ರಶ್ನೆಯಲ್ಲಿ ಮಾತ್ರ ಹುರುಳಿದೆ. ಮುಖ್ಯರಾದ ಒಬ್ಬಿಬ್ಬರನ್ನು ಮೇಲೆ ತೋರಿಸಿ ಉಳಿದವರನ್ನು ಒಂದೇ ಒತ್ತಿಗೆ ಕಾಣುವಂತೆ ಮಾಡಬಹುದು. ಯಾರು ಮುಖ್ಯರು ಎಂಬುದನ್ನು ಹಾಡಿನವರೇ ತೀರ್ಮಾನಿಸಿ ಕೊಡಲಿ.

ಆದ್ದರಿಂದ ನನ್ನ ವಿನಂತಿ ಹೀಗಿದೆ. ಹಾಡು ನುಡಿಯುವಾಗ ಕಲಾವಿದರ ಹೆಸರಿನ ಕೆಳಗಿನ ಸಾಲಿನಲ್ಲೇ, ಏನನ್ನೂ ಒತ್ತದೆ ಕಾಣುವಂತೆ, ಬೀಟ್ ಕಟ್ಟಿದವರ ಹೆಸರು ಇರಲಿ, ಆ ಹೆಸರನ್ನು ಒತ್ತಿದರೆ ಅವರು ಬೇರೆ ಯಾರು ಯಾರಿಗೆ ಕಟ್ಟಿದ್ದಾರೆ ಎಂಬುದೆಲ್ಲ ತೆರೆದುಕೊಳ್ಳಲಿ. ಹಾಡಿನಲ್ಲಿ ಸ್ಯಾಂಪಲ್ ಬಳಸಿದ್ದರೆ ಮೂಲ ಹಾಡು ಯಾವುದು ಎಂಬುದರ ಜೊತೆಗೆ, ಗೊತ್ತಿರುವ ಕಡೆಯೆಲ್ಲ, ಅದನ್ನು ನುಡಿಸಿದ ವಾದಕರ ಹೆಸರೂ ಬರಲಿ. ಸ್ಟಬಲ್‌ಫೀಲ್ಡ್ ಮತ್ತು ಕೋಲ್‌ಮನ್ ಅವರಿಂದಲೇ ಈ ಕೆಲಸ ಶುರುವಾಗಲಿ. ಹೊಸ ಹಾಡು ಏರಿಸುವಾಗ ಬೀಟ್ ಕಟ್ಟಿದವರ ಜಾಗ ಖಾಲಿಯಿದ್ದರೆ ವ್ಯವಸ್ಥೆ ಅದನ್ನು ಸ್ವೀಕರಿಸದಿರಲಿ. ತಪ್ಪು ತಿದ್ದಿಸಲು ಬರುವವರನ್ನು ತಪ್ಪು ಮಾಡಿದವರ ಬಳಿಗೇ ಅಟ್ಟದೆ, ಪುರಾವೆ ನೋಡಿ ತೀರ್ಮಾನಿಸುವ ಮನುಷ್ಯರನ್ನು ಕೂರಿಸಿ, ಇಷ್ಟು ದಿನದೊಳಗೆ ಉತ್ತರ ಎಂದು ಗಡುವು ಹಾಕಿ. ಹಳೆಯ ಆಲ್ಬಮ್ಮುಗಳ ಕೆಲಸವನ್ನು ತಡಮಾಡದೆ ಎತ್ತಿಕೊಳ್ಳಿ, ಆ ಕಾಲದವರಲ್ಲಿ ಕೇಳಿ ತಿಳಿಯಬಹುದಾದ ಹಲವರು ಇನ್ನೂ ನಮ್ಮೊಂದಿಗಿದ್ದಾರೆ.

ನನ್ನ ಮನೆಯಲ್ಲಿ ಎರಡು ಪೆಟ್ಟಿಗೆ ತುಂಬ ಕ್ಯಾಸೆಟ್ ಮತ್ತು ಸಿ.ಡಿ.ಗಳ ಒಳಹಾಳೆಗಳಿವೆ. ಕೆಲವು ಮಡಿಕೆಯಲ್ಲಿ ಹರಿದಿವೆ, ಅಕ್ಷರ ಓದಲು ಬರುತ್ತದೆ. ಒಂದೊಂದನ್ನೂ ಬಿಡಿಸಿ ಫೋಟೋ ತೆಗೆದು, ಯಾವ ಹಾಡಿಗೆ ಯಾರು ಬೀಟ್ ಕಟ್ಟಿದರು ಎಂದು ಪಟ್ಟಿ ಮಾಡಿಟ್ಟಿದ್ದೇನೆ. ತಾವು ಕೇಳಿದರೆ ಅಷ್ಟನ್ನೂ ಯಾವ ಪ್ರತಿಫಲವಿಲ್ಲದೆ ಕಳಿಸಿಕೊಡುತ್ತೇನೆ. ಹುಬ್ಬಳ್ಳಿಯ ಹುಡುಗನ ಬಳಿಯೂ ಆ ಬೀಟಿನ ಮೂಲ ಕಡತ, ಕಟ್ಟಿದ ದಿನಾಂಕದ ಸಮೇತ, ಇದೆ. ತಮ್ಮ ಉತ್ತರವನ್ನು ನಾವಿಬ್ಬರೂ ಕಾಯುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಹಿಪ್‌ಹಾಪ್ ಕೇಳುಗ,
ಬೆಂಗಳೂರು